ದೊನ್ ಫೆರ್ಮಿನ್ ಕೇಳಿದ ಕ್ಷಮೆ

ಆ ಮುದುಕ ಇವತ್ತೂ ಬಂದಿದ್ದ.

ಫುಟ್‌ಬಾಲ್ ಮೈದಾನದಲ್ಲಿ ಕೋಚಿನ ಬೆಂಚಿನ ಹಿಂದಿನ ಮೆಟ್ಟಿಲು, ಅದೇ ಜಾಗ, ಅದೇ ಕಪ್ಪು ಕೋಟು. ಎದುರಾಳಿಗಳು ಗೋಲು ಹೊಡೆದಾಗ ಇಡೀ ವಿಯಾರ್ಮೆಹೋ ಊರು ತಲೆಯ ಮೇಲೆ ಕೈ ಹೊತ್ತು ಕೂತಿತ್ತು. ಅವನೊಬ್ಬ ಮೆಲ್ಲಗೆ ಚಪ್ಪಾಳೆ ತಟ್ಟಿದ. ಊರಿನ ಹುಡುಗರು ಗೋಲು ಹೊಡೆದು ಸಮ ಮಾಡಿದಾಗಲೂ ಅಷ್ಟೇ ಮೆಲ್ಲಗೆ ತಟ್ಟಿದ. ಆಮೇಲೆ ಕೈಗಡಿಯಾರ ನೋಡಿಕೊಂಡ.

ಕೋಚ್ ಏವರಿಸ್ತೋ ಲಾಸ್ತ್ರಾ ಆಟ ಬಿಟ್ಟು ಅವನನ್ನೇ ನೋಡುತ್ತಿದ್ದ. ಎರಡೂ ಕಡೆಗೆ ಸಮನಾಗಿ ಚಪ್ಪಾಳೆ ತಟ್ಟಿ, ಗಳಿಗೆಗೊಮ್ಮೆ ಗಡಿಯಾರ ನೋಡುವ ಜಾತಿ ಜಗತ್ತಿನಲ್ಲಿ ಒಂದೇ. ರೆಫರಿಗಳದ್ದು.

ಏವರಿಸ್ತೋಗೂ ರೆಫರಿಗಳಿಗೂ ಹಳೆಯ ಲೆಕ್ಕವಿತ್ತು. ಒಂದು ಕಾಲಕ್ಕೆ ಅವನು ಎರಡನೇ ದರ್ಜೆಯ ಲೀಗಿನಲ್ಲಿ ಹೆಸರಾದ ಮಿಡ್‌ಫೀಲ್ಡರ್. ಚೆಂಡು ಅವನ ಕಾಲಿಗೆ ಬಂದರೆ ಹೇಳಿದ ಮಾತು ಕೇಳುತ್ತಿತ್ತು. ಗೆದ್ದರೆ ಮೊದಲ ದರ್ಜೆ ಎನ್ನುವ ಪಂದ್ಯದಲ್ಲಿ, ಆಟ ಬಿಸಿಯೇರುವ ಮೊದಲೇ, ದಪ್ಪ ಮೀಸೆಯ ರೆಫರಿಯೊಬ್ಬ ಅವನಿಗೆ ಕೆಂಪು ಕಾರ್ಡು ತೋರಿಸಿ ಹೊರಗೆ ಕಳಿಸಿದ. ತಾನು ಯಾರನ್ನೂ ಮುಟ್ಟಿರಲಿಲ್ಲ ಎಂದು ಏವರಿಸ್ತೋ ಇಂದಿಗೂ ಆಣೆ ಮಾಡುತ್ತಾನೆ. ತಂಡ ಸೋತಿತು. ಮರುವರ್ಷ ಮಂಡಿ ಹೋಯಿತು. ಮೊದಲ ದರ್ಜೆಯ ಹುಲ್ಲನ್ನು ಅವನು ಟೀವಿಯಲ್ಲಷ್ಟೇ ನೋಡಬೇಕಾಯಿತು.

ಕೋಚ್ ಆದ ಮೇಲೆ ಆ ಸಿಟ್ಟನ್ನು ಸಿಕ್ಕಸಿಕ್ಕ ರೆಫರಿಗಳ ಮೇಲೆಲ್ಲ ತೀರಿಸಿಕೊಂಡ. ಲೆಯೋನ್, ಸಮೋರಾ, ಬುರ್ಗೋಸ್ ಕಡೆಯ ಸಣ್ಣ ಕ್ಲಬ್ಬುಗಳು ಒಂದಾದ ಮೇಲೊಂದು ಅವನಿಗೆ ಕೈಮುಗಿದು ಕಳಿಸಿಕೊಟ್ಟವು. ಈಗ ಐದನೇ ದರ್ಜೆ. ಅದರಲ್ಲೂ ತಂಡ ತಳದಲ್ಲಿ, ಇನ್ನೂ ಕೆಳಗಿನ ದರ್ಜೆಗೆ ಬೀಳುವ ಅಂಚಿನಲ್ಲಿ.

ಪಂದ್ಯ ಮುಗಿದ ಮೇಲೆ ಕ್ಲಬ್ಬಿನ ಅಧ್ಯಕ್ಷೆ, ಬಿಸ್ಕತ್ತು ಕಾರ್ಖಾನೆಯ ಒಡತಿ ದೊನ್ಯಾ ಕಸಿಲ್ದಾ ಅವನನ್ನು ತಡೆದು ನಿಲ್ಲಿಸಿದಳು.

"ಇನ್ನೆರಡು ಪಂದ್ಯ ಉಳಿದಿದೆ. ರೆಫರಿ ನಿನ್ನ ಹೊರಗೆ ಹಾಕಿದ ಪಂದ್ಯ ಎಲ್ಲಾ ಸೋತಿದ್ದೀವಿ. ಇನ್ನೊಂದು ಸಲ ಅವರು ಹಾಕಿದ್ರೆ, ನಾನೂ ಹಾಕ್ತೀನಿ."

"ಅವರಿಗೆ ಕಣ್ಣಿಲ್ಲ, ದೊನ್ಯಾ ಕಸಿಲ್ದಾ."

"ನಿನಗೆ ಬಾಯಿದೆಯಲ್ಲ. ತೊಂದರೆ ಅದೇ."

ಮರುದಿನ ಮಧ್ಯಾಹ್ನ ಬಾರಿನ ಮೂಲೆಯ ಮೇಜಿನಲ್ಲಿ ಮುದುಕ ಒಬ್ಬನೇ ಕೂತು ಆಲೂಗಡ್ಡೆ ಆಮ್ಲೆಟ್ ತಿನ್ನುತ್ತಿದ್ದ. ಅವನ ಹೆಸರು ದೊನ್ ಫೆರ್ಮಿನ್ ಎಂಬುದಷ್ಟೇ ಊರಿಗೆ ಗೊತ್ತಿತ್ತು. ಏವರಿಸ್ತೋ ಕಾಫಿ ಹಿಡಿದು ಎದುರಿಗೆ ಹೋಗಿ ಕೂತ.

"ಊರಿಗೆ ಹೊಸಬರಾ, ಯಜಮಾನ್ರೇ?"

"ಚಳಿಗಾಲದಲ್ಲಿ ಬಂದೆ. ಇಲ್ಲೇ ತಂಗಿ ಮನೆ."

"ಮುಂಚೆ ಏನು ಕೆಲಸ?"

ಮುದುಕ ಮುಗುಳ್ನಕ್ಕ. "ಜನ ನನ್ನ ಮೇಲೆ ಕೂಗಾಡೋರು, ನಾನು ಕೇಳಿಸ್ಕೊಳ್ತಿದ್ದೆ. ಅದೇ ಕೆಲಸ. ಸೀಟಿ ಊದಿದ್ಮೇಲಂತೂ ನಮ್ಮಮ್ಮನ್ನೂ ಬಿಡ್ತಿರಲಿಲ್ಲ."

ಏವರಿಸ್ತೋ ಬಟ್ಟಲು ಪಕ್ಕಕ್ಕಿಟ್ಟು ಮುಂದೆ ಬಾಗಿದ.

"ಆಗ ಮೀಸೆ ಇತ್ತಾ ನಿಮಗೆ?"

"ಇತ್ತು, ಒಳ್ಳೇ ಪೊದೆ ಥರ. ಹೆಂಡತಿ ಹೋದ್ಮೇಲೆ ಬೋಳಿಸಿದೆ. ಯಾಕಪ್ಪಾ?"

ಏವರಿಸ್ತೋ ಎದ್ದು ನಿಂತ. "ನನ್ನ ಮುಖ ಸರಿಯಾಗಿ ನೋಡಿ. ನೆನಪಾಗ್ತಿಲ್ವಾ?"

"ಸಾವಿರಾರು ಮುಖ ನೋಡಿದ್ದೀನಿ..."

"ಅವತ್ತು ನೀವು ಮಾಡಿದ್ದಕ್ಕೆ ನನ್ನ ಬದುಕು ಅಲ್ಲೇ ನಿಂತುಹೋಯ್ತು. ಇಪ್ಪತ್ತು ವರ್ಷ ಆಯ್ತು. ಒಂದು ದಿನ, ಒಂದೇ ಒಂದು ದಿನ, ಯಾರೂ ಬಂದು ತಪ್ಪಾಯ್ತು ಅನ್ನಲಿಲ್ಲ."

ಬಾರಿನಲ್ಲಿ ಇಸ್ಪೀಟಾಡುತ್ತಿದ್ದವರ ಕೈ ನಿಂತಿತು. ದೊನ್ ಫೆರ್ಮಿನ್ ಕೈಯಲ್ಲಿದ್ದ ಫೋರ್ಕು ಕೆಳಗಿಟ್ಟ. ಬಾಯಿ ಒರೆಸಿಕೊಂಡ. ಎದ್ದು ಟೋಪಿ ತೆಗೆದ.

"ತಪ್ಪಾಯ್ತಪ್ಪಾ. ನಿಮಗೆ ಆದ ನೋವಿಗೆ ನಾನೇ ಹೊಣೆ. ಮನಸಾರೆ ಕ್ಷಮೆ ಕೇಳ್ತಿದ್ದೀನಿ."

ಈ ಗಳಿಗೆಗೆಂದು ಏವರಿಸ್ತೋ ಎಷ್ಟೋ ಬೈಗುಳ ಕೂಡಿಟ್ಟಿದ್ದ. ಈಗ ಅವೆಲ್ಲ ಬೇಡವಾದವು. ಕುರ್ಚಿಯಲ್ಲಿ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಮುದುಕ ಏನೂ ಕೇಳಲಿಲ್ಲ. ಉಳಿದಿದ್ದ ಆಮ್ಲೆಟನ್ನು ಅವನ ಕಡೆ ಸರಿಸಿದ. ಇಬ್ಬರೂ ಸೇರಿ ತಿಂದು ಮುಗಿಸಿದರು.

ಮುಂದಿನ ಭಾನುವಾರ ಊರಿನ ಹುಡುಗರು ಮಾಡದ ತಪ್ಪಿಗೆ ರೆಫರಿ ಎದುರಾಳಿಗಳಿಗೆ ಪೆನಾಲ್ಟಿ ಕೊಟ್ಟ. ಇಡೀ ಮೈದಾನ ಏವರಿಸ್ತೋನ ಕಡೆ ತಿರುಗಿತು. ಅವನು ಬಾಯಿ ತೆರೆದ. ಸೀಟಿ ಹಿಡಿದ ಈ ಹುಡುಗನೂ ಮುಂದೊಂದು ದಿನ ಮುದುಕನಾಗಿ ಯಾವುದೋ ಊರಿನ ಬಾರಿನಲ್ಲಿ ಟೋಪಿ ತೆಗೆದು ನಿಲ್ಲಬೇಕಾದೀತು ಎನ್ನಿಸಿತು. ಬಾಯಿ ಮುಚ್ಚಿದ. ಪಂದ್ಯ ಸಮವಾಯಿತು. ಕೊನೆಯಲ್ಲಿ ಕೈಕುಲುಕಲು ಹೋದರೆ ರೆಫರಿ ಹೆದರಿ ಎರಡು ಹೆಜ್ಜೆ ಹಿಂದೆ ಸರಿದ.

ಕೊನೆಯ ಪಂದ್ಯ ಗೆದ್ದರು. ತಂಡ ಐದನೇ ದರ್ಜೆಯಲ್ಲೇ ಉಳಿಯಿತು.

"ಮುಂದಿನ ವರ್ಷಾನೂ ನೀನೇ," ಎಂದಳು ದೊನ್ಯಾ ಕಸಿಲ್ದಾ. "ಏನು ಔಷಧಿ ತಗೊಂಡೆಯೋ, ಅದನ್ನ ಬಿಡಬೇಡ."

ಆ ಸಂಜೆ ಏವರಿಸ್ತೋ ಬಾರಿನಲ್ಲಿ ಮುದುಕನ ಮುಂದೆ ದ್ರಾಕ್ಷಾರಸದ ಲೋಟ ಇಟ್ಟ.

"ದೊನ್ ಫೆರ್ಮಿನ್, ನನಗೀಗ ಸಿಟ್ಟಿಲ್ಲ. ಆದ್ರೂ ಒಂದು ಮಾತು ಕೇಳ್ತೀನಿ. ಅವತ್ತು ನೀವು ಹಾಗ್ಯಾಕೆ ಮಾಡಿದ್ರಿ?"

"ನಾನೇ ಕೇಳ್ಬೇಕು ಅಂತಿದ್ದೆ, ಸಂಕೋಚ ಆಗ್ತಿತ್ತು," ಎಂದ ಮುದುಕ. "ನೋಡಪ್ಪಾ, ನಾನು ಇಡೀ ಸರ್ವೀಸು ರೈಲ್ವೆ ಸ್ಟೇಷನ್ನಿನ ದೂರಿನ ಕಿಟಕಿಯಲ್ಲಿ ಕೂತೋನು. ಸಿಟ್ಟಲ್ಲಿ ಬಂದೋರಿಗೆ ಮೊದಲು ಕ್ಷಮೆ ಕೇಳ್ಬಿಡೋದು, ವಿಚಾರಣೆ ಆಮೇಲೆ. ಈಗ ಸಮಾಧಾನವಾಗಿ ಹೇಳಿ, ನಿಮಗೆ ತಪ್ಪಿಹೋದದ್ದು ಯಾವ ರೈಲು?"