ಕೊಡುವ ಕೈ

"ಮಗು ಎಲ್ಲಿ?" ಸ್ವೀಡನ್ನಿನ ಗೋಥೆನ್‌ಬರ್ಗ್ ವಿಮಾನನಿಲ್ದಾಣದ ಕಸ್ಟಮ್ಸ್ ಅಧಿಕಾರಿ ಎರಡನೆಯ ಸಲ ಕೇಳಿದಳು.

ಮೇಜಿನ ಮೇಲೆ ಮೀರಾಳ ಕೈಚೀಲ ಬರಿದಾಗಿ ಬಿದ್ದಿತ್ತು. ಪಕ್ಕದಲ್ಲಿ ಕಲ್ಲುಸಕ್ಕರೆಯ ಪೊಟ್ಟಣ, ಕೆಂಪು ಅಂಚಿನ ಕುಲಾವಿ, ಬಣ್ಣ ಮಾಸಿದ ಚನ್ನಪಟ್ಟಣದ ಗಿಲಕಿ. ನರೆಗೂದಲಿನ ಹೆಂಗಸು ಒಬ್ಬಳೇ ಬಂದಿದ್ದಾಳೆ. ಸಾಮಾನೆಲ್ಲ ಕೂಸಿನದು. ಕೂಸು ಮಾತ್ರ ಇಲ್ಲ. ಯಾರಿಗಾದರೂ ಅನುಮಾನ ಬರುವಂಥದ್ದೇ.

"ಇಲ್ಲೇ ಇದೆ, ನಿಮ್ಮ ದೇಶದಲ್ಲಿ," ಎಂದಳು ಮೀರಾ, ತಡವರಿಸುವ ಇಂಗ್ಲಿಷಿನಲ್ಲಿ. "ದತ್ತು ತೆಗೆದುಕೊಳ್ಳಲು ಬಂದಿದ್ದೇನೆ."

ಅಧಿಕಾರಿ ಅವಳ ಮುಖ ನೋಡಿದಳು, ಊರಿಕೊಂಡಿದ್ದ ಕೋಲು ನೋಡಿದಳು, ಗಿಲಕಿಯನ್ನು ಒಮ್ಮೆ ಅಲ್ಲಾಡಿಸಿ ಚೀಲಕ್ಕೆ ಹಾಕಿದಳು.

ಆ ನೋಟ ಮೀರಾಗೆ ಹೊಸದಲ್ಲ. ಮೊದಲ ಸಲ ಕೇಳಿದಾಗ ಮೈಸೂರಿನ ಶಿಶುಮಂದಿರದವರು, "ನಿನಗಿನ್ನೂ ವಯಸ್ಸು ಸಾಲದಮ್ಮ, ಮದುವೆ ಬೇರೆ ಆಗಿಲ್ಲ" ಎಂದು ಸಾಗಹಾಕಿದ್ದರು. ಈಗ ಕೇಳಿದವರೆಲ್ಲ "ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೆ?" ಎನ್ನುತ್ತಾರೆ. ನಡುವೆ ಸರಿಯಾದ ವಯಸ್ಸು ಯಾವಾಗ ಬಂದು ಹೋಯಿತೋ ಅವಳಿಗೆ ತಿಳಿಯಲಿಲ್ಲ.

ಮರುದಿನ, ಟ್ರಾಮ್ ನಿಲ್ದಾಣದ ಎದುರಿನ ಕೆಫೆಯಲ್ಲಿ ಅವಳು ಕೂತಲ್ಲಿ ಕೂರಲಿಲ್ಲ. ಅದೇ ಊರಿನಲ್ಲಿ ಎಂಜಿನಿಯರ್ ಆಗಿದ್ದ ತಂಗಿಯ ಮಗಳು ವರ್ಷಾ, ರಜೆ ಹಾಕಿ ಜೊತೆಗೆ ಬಂದಿದ್ದಳು.

"ದೊಡ್ಡಮ್ಮ, ಆ ಕುರ್ಚಿ ಯಾಕೆ ಅಲ್ಲಾಡಿಸ್ತಿದೀರಾ?"

"ಗಟ್ಟಿ ಇದೆಯಾ ನೋಡ್ತಿದೀನಿ. ತೊಡೆ ಮೇಲೆ ಕೂರಿಸ್ಕೋಬೇಕಲ್ಲ."

ವರ್ಷಾ ಕಾಫಿ ನೆತ್ತಿಗೇರುವಷ್ಟು ನಕ್ಕಳು. "ನಿಮ್ಮ ಮಂಡಿ! ಡಾಕ್ಟ್ರು ಏನಂದಿದ್ರು? ತರಕಾರಿ ಚೀಲ ಕೂಡ ಎತ್ತಬೇಡಿ ಅಂತ."

"ಶಾಸ್ತ್ರ ಕಣೇ. ಕೊಡೋರು 'ಕೊಟ್ಟೆ' ಅನ್ನಬೇಕು. ನಾನು ತೊಡೆ ಮೇಲೆ ಕೂರಿಸ್ಕೊಂಡು ನೆತ್ತಿ ಮೂಸಬೇಕು. ಆಮೇಲೇ ನಿಮ್ಮ ಕೋರ್ಟು."

"ನೆತ್ತಿ ಮಾತ್ರ ಮೂಸಿ ಸಾಕು. ತೊಡೆ ವಿಷಯದಲ್ಲಿ ದೇವರು ರಿಯಾಯಿತಿ ಕೊಡ್ತಾನೆ."

ಮೀರಾ ದತ್ತು ಪಡೆಯಲು ಬಂದಿದ್ದ ಆದಿಯ ಸುಳಿವು ಕೊಟ್ಟವಳೇ ವರ್ಷಾ. ಸಾಕಿದ ಸ್ವೀಡಿಷ್ ತಾಯಿ ಹೋದ ಚಳಿಗಾಲದಲ್ಲಿ ತೀರಿಕೊಂಡ ಮೇಲೆ, ಆದಿ ಇರುವುದು ಹತ್ತಿರದ ಊರಾದ ಟ್ರೋಲ್‌ಹೆಟ್ಟನ್‌ನಲ್ಲಿ, ಇಳಾ ಎಂಬ ಯುವತಿಯ ಜೊತೆ. ಯುಗಾದಿಗೆ ಕನ್ನಡಿಗರು ಸೇರಿದ್ದಲ್ಲಿಗೆ ಇಳಾ ಹುಡುಕಿಕೊಂಡು ಬಂದಿದ್ದಳು. ಆದಿ ಸದಾ ಗುನುಗುವ ರಾಗವೊಂದನ್ನು ಗುನುಗಿ ತೋರಿಸಿ, ಇದು ಯಾರಿಗಾದರೂ ಗೊತ್ತೇ ಎಂದು ಕೇಳಿದ್ದಳು. ವರ್ಷಾಳ ಕೈಯಿಂದ ಒಬ್ಬಟ್ಟು ಜಾರಿತ್ತು. ಷಟ್ಪದಿಯ ಧಾಟಿಗೆ ತಾನೇ ಮಾತು ಕಟ್ಟಿ, ಶಿಶುಮಂದಿರದ ಕೂಸುಗಳಿಗೆ ನೀರೆರೆಯುತ್ತ ಹಾಡುತ್ತಿದ್ದವಳು ದೊಡ್ಡಮ್ಮ ಒಬ್ಬಳೇ.

ಅಂದಿನಿಂದ ಸಂಜೆ ದೀಪ ಹಚ್ಚಿದ ಮೇಲೆ ಮೀರಾ ಫೋನಿನಲ್ಲಿ ಪದ್ಯ ಹೇಳುತ್ತಾಳೆ. ಅತ್ತ ಮಾತಿಲ್ಲ. ಉಸಿರು ಮಾತ್ರ ಮೆಲ್ಲಮೆಲ್ಲನೆ ಭಾರವಾಗುತ್ತದೆ. "ನಿದ್ದೆ ಬಂತು," ಎಂದು ಇಳಾ ಪಿಸುಗುಡುತ್ತಾಳೆ. ಫೋಟೋ, ವಿಡಿಯೋ ಏನೂ ಬೇಡವೆಂದವಳು ಮೀರಾಳೇ. ಎದುರಿಗೇ ನೋಡಬೇಕು.

ಆದರೆ ಆದಿ ಒಪ್ಪಬೇಕು. ವಕೀಲರು ಒತ್ತಿ ಹೇಳಿದ್ದು ಅದೊಂದನ್ನೇ. ಬೇಡ ಎಂದರೆ ಅಲ್ಲಿಗೆ ಮುಗಿಯಿತು.

"ಬರದೇ ಹೋದ್ರೆ?" ಎಂದಳು ಮೀರಾ.

"ಬರ್ತಾನೆ ದೊಡ್ಡಮ್ಮ. ದಾಲ್ಚಿನ್ನಿ ಬನ್ ತಣ್ಣಗಾಗ್ತಿದೆ, ತಿನ್ನಿ."

"ಆವತ್ತು ಸ್ವೀಡನ್ನಿನವರ ಕೈಗೆ ಕೊಟ್ಟೋಳು ನಾನೇ ಅಲ್ವೇನೇ. ಕುತ್ತಿಗೆ ತಬ್ಬಿ ಹಿಡಿದಿತ್ತು. ಬೆರಳು ಒಂದೊಂದೇ ಬಿಡಿಸಿ ಕೊಟ್ಟೆ. ಅದು ಮೈಗೆ ನೆನಪಿರಲ್ವಾ?"

ವರ್ಷಾ ಬನ್ನಿನ ತಟ್ಟೆಯನ್ನು ಅವಳ ಹತ್ತಿರಕ್ಕೆ ಸರಿಸಿದಳು.

ಹೊಳೆಯುವ ಹಳದಿ ಜಾಕೆಟ್ ತೊಟ್ಟ ಶಿಶುವಿಹಾರದ ಮಕ್ಕಳ ಸಾಲು ಟೀಚರ ಹಿಂದೆ ಕೈಕೈ ಹಿಡಿದು ಹಾದುಹೋಯಿತು. ಒಂದು ಮಗು ಗಾಜಿಗೆ ಮೂಗು ಒತ್ತಿ ಮೀರಾಳನ್ನೇ ನೋಡಿತು. ಮೀರಾ ಅದನ್ನು ನೋಡಲಿಲ್ಲ. ಅವಳ ಕಣ್ಣು ಅವರೆಲ್ಲರ ತಲೆಯ ಮೇಲಿಂದ ಹಾದು, ಟ್ರಾಮ್ ನಿಲ್ದಾಣಕ್ಕೆ ನೆಟ್ಟಿತ್ತು.

ಟ್ರಾಮ್ ಬಂತು, ನಿಂತಿತು, ಹೋಯಿತು. ಇಳಾ ಒಬ್ಬಳೇ ರಸ್ತೆ ದಾಟಿ ಒಳಗೆ ಬಂದಳು.

"ಕ್ಷಮಿಸಿ," ಎಂದಳು ಇಂಗ್ಲಿಷಿನಲ್ಲಿ. "ಒಳಗೆ ಬರಲ್ಲ ಅಂತ ಹಟ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಆ ತಂಗುದಾಣದ ಹಿಂದೆ ಹೋಗಿ ನಿಂತಾಗಿದೆ."

ಮೀರಾ ಎದ್ದಳು. ಕೋಲು ಕುರ್ಚಿಗೆ ಒರಗಿದಲ್ಲೇ ಉಳಿಯಿತು. ವರ್ಷಾ ಹಿಡಿಯಲು ಬಂದ ಕೈಯನ್ನು ಸರಿಸಿ, ಗಿಲಕಿ ಹಿಡಿದುಕೊಂಡು ರಸ್ತೆ ದಾಟಿದಳು. ತಂಗುದಾಣದ ಗಾಜಿನ ತುಂಬ ದೊಡ್ಡ ಜಾಹೀರಾತು. ಅದರಾಚೆ ನೀಲಿ ಉಣ್ಣೆ ಟೋಪಿಯ ಅಂಚು ಮಾತ್ರ ಕಂಡಿತು. ಅವಳು ಈಚೆಯೇ ನಿಂತಳು. ಮನಸ್ಸಿನಲ್ಲಿ ದೇವರನ್ನು ನೆನೆದು ಹಾಡಿದಳು:

"ನೀರನೆರೆವೆನು ಬಾರೊ ಕಂದಾ,
ಬಾರದಿರೆ ನಾ ಕರೆವೆ ನಿನ್ನನು..."

ಮೂರನೆಯ ಸಾಲಿಗೆ ಉಸಿರೆಳೆದುಕೊಂಡಳು. ಅದು ಆಚೆಯಿಂದ ಬಂತು, ಮಾತಿಲ್ಲದೆ, ಬರೀ ರಾಗವಾಗಿ.

ಅವಳು ಗಾಜಿನ ಅಂಚು ದಾಟಿ ಗಿಲಕಿ ಚಾಚಿದಳು. ಅದರ ಹಿಡಿಯಲ್ಲಿ ಎರಡು ಪುಟ್ಟ ಗುಳಿಗಳಿದ್ದವು, ಮೊದಲು ಹುಟ್ಟಿದ ಹಲ್ಲುಗಳು ಊರಿದ ಜಾಗ. ಹೆಬ್ಬೆರಳೊಂದು ತಡಕಾಡಿ ಅವುಗಳ ಮೇಲೆ ಹೋಗಿ ನಿಂತಿತು. ಟೋಪಿ ಕಳಚಿತು. ತಲೆ ಬಾಗಿತು. ಮೀರಾ ನೆತ್ತಿ ಮೂಸಿದಳು.

ಹಿಂದೆಯೇ ಬಂದಿದ್ದ ಇಳಾ ಗಂಟಲು ಸರಿಮಾಡಿಕೊಂಡಳು. ವರ್ಷಾಳಿಂದ ವಾರವಿಡೀ ಕಲಿತಿದ್ದ ಕನ್ನಡ ಅವಳ ನಾಲಿಗೆಗೆ ಇನ್ನೂ ಹೊಂದಿರಲಿಲ್ಲ.

"ಕೊಟ್ಟೆ," ಎಂದಳು. "ನನ್ನ ಅಪ್ಪನನ್ನು ನಿಮಗೆ ಕೊಟ್ಟೆ."