ರಾಜ ಮರೆಯುವ ಜಾಗ

ಡ್ರಾಮಾ ಮೇಷ್ಟ್ರು ಮಹದೇವಪ್ಪನವರನ್ನು ಸಂತೆಮರಹಳ್ಳಿಯಲ್ಲಿ ಮಣ್ಣು ಮಾಡಿ, ಗುಂಡ್ಲುಪೇಟೆಗೆ ವಾಪಸಾಗಿ ಸ್ನಾನ ಮುಗಿಸಿದ ನಾಟಕದವರು ಸಂಜೆ ನಾಲ್ಕಕ್ಕೆಲ್ಲ ಈರುಳ್ಳಿ ಗೋಡೌನಿನಲ್ಲಿ ಸೇರಿದರು. ಶನಿವಾರ ನಾಟಕ. ಮೇಷ್ಟ್ರೇ ಬರೆದು, ಮೇಷ್ಟ್ರೇ ಕಲಿಸಿದ್ದು. ಆಡುವುದೋ ಬಿಡುವುದೋ ಇವತ್ತೇ ಇತ್ಯರ್ಥವಾಗಬೇಕಿತ್ತು.

ಮೇಷ್ಟ್ರು ಕೂರುತ್ತಿದ್ದ ಹಾರ್ಮೋನಿಯಂ ಮುಂದೆ ರಂಜಿನಿ ಕೂತಿದ್ದಳು. ಪಂಚಾಯ್ತಿ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ, ಬಿಡುವಿನಲ್ಲಿ ನಾಲ್ಕು ವರ್ಷ ಮೇಷ್ಟ್ರ ಹತ್ತಿರ ಪಾಠ. ಆಸ್ಪತ್ರೆ ಸೇರುವ ಮುಂಚೆ ಅವರು ತಮ್ಮ ನಾಟಕದ ಪುಸ್ತಕವನ್ನು ಅವಳ ಕೈಗೇ ಕೊಟ್ಟಿದ್ದರು. ರಾಜನ ಪಾರ್ಟಿನ ಶಿವಮಲ್ಲುವಿಗೆ ಅದು ಗಂಟಲಲ್ಲಿ ಇಳಿಯಲಿಲ್ಲ. ಇಪ್ಪತ್ತೆರಡು ವರ್ಷದಿಂದ ಈ ನಾಟಕಕ್ಕೆ ರಾಜ ಅವನೇ. ಅರಿಸಿನದ ಹೊಲಕ್ಕೆ ನೀರು ಕಟ್ಟುವಾಗಲೂ ತಲೆ ಮೇಲೆ ಕಿರೀಟವಿದೆ ಅನ್ನುವ ಹಾಗೆ ನಡೆಯುವವನು. ಚಾಮರಾಜನಗರದಿಂದ ಬೇರೆ ಮೇಷ್ಟ್ರನ್ನು ಕರೆಸಬೇಕು, ಇಲ್ಲವಾದರೆ ನಾಟಕವೇ ಬೇಡ ಎಂದು ಹಟ ಹಿಡಿದ.

"ಒಂದ್ ಸಲ ತಾಲೀಮ್ ಮಾಡ್ ನೋಡಣ್ಣ," ಎಂದಳು ರಂಜಿನಿ. "ನಾನ್ ತಪ್ಪುದ್ರೆ ನಾನೇ ಎದ್ದೋಯ್ತೀನಿ."

"ನಿಂದಿರ್ಲಿ ಕಣಮ್ಮಿ. ಇಪ್ಪತ್ತೆರಡ್ ವರ್ಸದಲ್ಲಿ ನಾನು ಒಂದ್ ಮಾತ್ ಮರ್ತಿದ್ದೀನಾ, ಈ ಗುರುಸ್ವಾಮೀನ ಕೇಳು."

ತಬಲದ ಗುರುಸ್ವಾಮಿ ತಲೆ ತಗ್ಗಿಸಿ ತಬಲ ಒರೆಸತೊಡಗಿದ.

ಶಿವಮಲ್ಲು ಪಂಚೆ ಎತ್ತಿ ಕಟ್ಟಿ ಶುರು ಮಾಡಿದ. ಅವನ ದನಿಗೆ ಗೋಡೌನಿನ ತಗಡು ನಡುಗಿತು. ಆಸ್ಥಾನದ ಸೀನಿನ ನಡುವೆ ಒಂದು ಮಾತು ನಾಲಗೆ ತುದಿಗೆ ಬಂದು ನಿಂತುಬಿಟ್ಟಿತು. ಅಷ್ಟರಲ್ಲಿ ಹಾರ್ಮೋನಿಯಂ ಎರಡು ಸ್ವರ ನುಡಿಯಿತು, ಮಾತು ತಾನಾಗಿ ಹೊರಬಂತು. ಯುದ್ಧದ ಸೀನಿನಲ್ಲೂ ಹಾಗೇ ಆಯಿತು. ಮೂರನೇ ಸಲ ಅವನು ಆಟ ನಿಲ್ಲಿಸಿ ಅವಳ ಕಡೆ ತಿರುಗಿದ. ಮೇಷ್ಟ್ರು ನುಡಿಸುತ್ತಿದ್ದದ್ದೂ ಅದೇ ಸ್ವರ, ಅದೇ ಜಾಗದಲ್ಲಿ. ರಾಜನ ಗತ್ತಿಗೆಂದು ನುಡಿಸುತ್ತಾರೆ ಎಂದೇ ಅವನು ಇಷ್ಟು ವರ್ಷ ತಿಳಿದಿದ್ದ.

"ಇದ ಯಾರಮ್ಮಿ ಹೇಳ್ಕೊಟ್ಟಿದ್ದು?"

ರಂಜಿನಿ ಪುಸ್ತಕ ತಿರುಗಿಸಿ ಹಿಡಿದಳು. ಅಂಚಿನಲ್ಲಿ ಮೇಷ್ಟ್ರ ಕೆಂಪು ಅಕ್ಷರ: 'ಇಲ್ಲಿ ಶಿವಮಲ್ಲು ಮರೆಯುತ್ತಾನೆ. ಎರಡು ಸ್ವರ ಕೊಡಬೇಕು.' ಅಂಥವು ಹನ್ನೊಂದು ಕಡೆ ಇದ್ದವು. ಪುಟ ಮಗುಚುತ್ತ ಹೋದಂತೆ ಅವನ ಮುಖ ಸಪ್ಪಗಾಯಿತು, ಆಮೇಲೆ ತನ್ನ ಬಗ್ಗೆಯೇ ನಗು ಬಂತು. ಎಲ್ಲ ಗೊತ್ತಿದ್ದೂ ಒಬ್ಬರ ಮುಂದೆಯೂ ಬಾಯಿ ಬಿಡದೆ ಹೋದ ಆ ಮನುಷ್ಯನ ಮೇಲೆ ಹೇಳತೀರದಷ್ಟು ಪ್ರೀತಿ ಉಕ್ಕಿತು.

"ಸನಿವಾರ ನೀನೇ ಕೂತ್ಕೊ ಕಣಮ್ಮಿ," ಎಂದ. "ಕೊನೇ ಸೀನೂ ಮಾಡ್ಬುಡನ."

ಕೊನೆಯ ಸೀನಿನಲ್ಲಿ ರಾಜ ತನ್ನ ಪ್ರಾಣದ ಗೆಳೆಯನ ಹೆಣದ ಮುಂದೆ ಮಾತಾಡಬೇಕು. ಶಿವಮಲ್ಲು ಬರಿ ನೆಲದ ಮುಂದೆ ಮಂಡಿಯೂರಿದ. 'ನನ್ನೊಬ್ಬನನ್ನೇ ಬಿಟ್ಟು' ಎಂದವನ ಮಾತು ಅಲ್ಲಿಗೇ ನಿಂತಿತು. ಸ್ವರ ಕೊಡು ಎಂದು ಗುರುಸ್ವಾಮಿ ರಂಜಿನಿಗೆ ಕಣ್ಸನ್ನೆ ಮಾಡಿದ. ಅವಳು ಹಾರ್ಮೋನಿಯಂನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು, ಪುಸ್ತಕವನ್ನು ಗುರುಸ್ವಾಮಿಯತ್ತ ಸರಿಸಿದಳು.

'ಇಲ್ಲಿ ಮರೆತಿರುವುದಿಲ್ಲ,' ಎಂದಿತ್ತು ಕೆಂಪು ಅಕ್ಷರ. 'ಅಳುತ್ತಾನೆ. ಕಾಯಬೇಕು.'