ಯಾರದೋ ಫೋಟೋದ ಮುಂದಿನ ಎಲೆ

ಒದ್ದೆ ಬೂದಿಯ ವಾಸನೆ ಬಂದರೆ ಇವತ್ತಿಗೂ ಆ ಫೋಟೋ ನೆನಪಾಗುತ್ತದೆ.

ಶರಾವತಿಗೆ ಅಣೆಕಟ್ಟು ಕಟ್ಟಿ ನಮ್ಮೂರು ಮುಳುಗಿತ್ತು. ಹೊಸನಗರದ ಹತ್ತಿರ ಬಂದು ನೆಲೆಸಿ ವರ್ಷವೂ ಆಗಿರಲಿಲ್ಲ. ಹಿರಿಯರ ಹಬ್ಬದ ಮಧ್ಯಾಹ್ನ ಅಜ್ಜಿ ಆ ಹಳೆಯ ಫೋಟೋದ ಗಾಜಿಗೆ ಬೂದಿ ಹಚ್ಚಿ ಒರೆಸುತ್ತಿದ್ದಳು. ಕುರ್ಚಿಯ ಮೇಲೆ ಕೈಯಿಟ್ಟು ನಿಂತ ರುಮಾಲಿನ ಗಂಡಸು. ಕೋಟು ದೊಗಳೆ, ಕಾಲು ಬರಿಗಾಲು. ಮಿಟುಕಿಸಬೇಡ ಎಂದು ಯಾರೋ ಹೇಳಿದ್ದರೇನೋ, ಕಣ್ಣು ಅಗಲಿಸಿಯೇ ನಿಂತಿದ್ದರು.

"ಇವ್ರೇನಾ ನಮ್ಮಜ್ಜ?" ಎಂದೆ.

"ಅಲ್ಲ. ಯಾರು ಅಂತ ನಂಗೂ ಗೊತ್ತಿಲ್ಲ."

ಊರು ಬಿಡುವಾಗ ನಾಲ್ಕಾರು ಊರಿನವರ ಸಾಮಾನನ್ನು ರಸ್ತೆ ಬದಿ ಒಟ್ಟಿ ಲಾರಿಗೆ ತುಂಬಿದ್ದರಂತೆ. ಇಲ್ಲಿ ಬಂದು ಗಂಟು ಬಿಚ್ಚಿದರೆ, ನಾನು ಹುಟ್ಟುವ ಮೊದಲೇ ತೀರಿಹೋಗಿದ್ದ ಅಜ್ಜನ ಫೋಟೋ ಇರಲಿಲ್ಲ, ಅದರ ಬದಲು ಇದಿತ್ತು.

ಅಜ್ಜಿ ಚೆಂಡುಹೂವಿನ ಹಾರ ಎತ್ತಿಕೊಂಡಳು. ಅಮ್ಮ ಗಾಬರಿಯಾದಳು.

"ಬದ್ಕಿರೋರ ಫೋಟೋಗೆ ಹಾರ ಹಾಕ್ಬಾರ್ದು ಅತ್ತೆ. ಇವ್ರು ಇನ್ನೂ ಇದ್ರೆ?"

ಅಜ್ಜಿಯ ಕೈ ನಿಂತಿತು. ಹಾರವನ್ನು ಪಕ್ಕಕ್ಕಿಟ್ಟು, ಫೋಟೋದ ಮುಂದೆ ಬಾಳೆಲೆ ಹಾಸಿದಳು.

"ಊಟಕ್ಕೆ ಎಂತ ಆಗ್ತದೆ? ಬದ್ಕಿದ್ರೂ ಉಣ್ಬೇಕಲ್ಲ."

ನನಗೆ ಒಂದೂ ಅರ್ಥವಾಗಲಿಲ್ಲ. ಎಡೆ ಇಡುವುದು ಸತ್ತವರಿಗೆ. ಇವರು ಸತ್ತಿದ್ದಾರೋ ಇಲ್ಲವೋ ಗೊತ್ತಿಲ್ಲ, ನಮ್ಮವರಂತೂ ಅಲ್ಲ. ಆದರೂ ಅಜ್ಜಿ ಕಡುಬು, ಮೀನುಸಾರು ಎಲ್ಲವನ್ನೂ ಬಡಿಸುತ್ತಿದ್ದಳು.

"ಮತ್ತೆ ಅಜ್ಜಂಗೆ?"

ಅಜ್ಜಿ ಆ ಅಗಲಿಸಿದ ಕಣ್ಣುಗಳತ್ತ ನೋಡಿದಳು.

"ಇವ್ರ ಮನೇಲಿ ಇಕ್ತಾರೆ," ಎಂದು ಎಲೆಗೆ ಇನ್ನೊಂದು ಮೀನಿನ ತುಂಡು ಹಾಕಿದಳು.